ಬಕೆಟ್ ಅಜ್ಜಿಯ ಚಳಿಗಾಲದ ಸಂತೆ

ಬೀದಿ ದೀಪಗಳು ಇನ್ನೂ ಉರಿಯುತ್ತಿವೆ. ರೈಲು ನಿಲ್ದಾಣದ ಹಿಂದಿನ ಬಯಲಿನಲ್ಲಿ ಶನಿವಾರದ ರೈತರ ಸಂತೆ ಈಗಷ್ಟೇ ಮೈ ಮುರಿಯುತ್ತಿದೆ. ಬೇಸಿಗೆಯಲ್ಲಿ ಕಾಲಿಡಲು ಜಾಗ ಸಿಗದ ಬಯಲಿದು. ಈ ಚಳಿಯಲ್ಲಿ ಉಳಿದಿರುವವರು ಗಟ್ಟಿಗರು ಮಾತ್ರ. ಟಾರ್ಪಾಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗೆ ಕೂತಿದೆ. ಮಾರುವವರು ಬಾಯಿ ತೆರೆದರೆ ಮಾತಿಗಿಂತ ಮೊದಲು ಹಬೆ ಹೊರಡುತ್ತದೆ.

ಒಂದರ ಮೇಲೊಂದು ಎರಡು ಸ್ವೆಟರ್, ಅದರ ಮೇಲೆ ಗಂಡನ ಹಳೆಯ ಕೋಟು ತೊಟ್ಟ ಗಿಡ್ಡ ಹೆಂಗಸೊಬ್ಬರು ಕೈಗಾಡಿ ಎಳೆದುಕೊಂಡು ಬರುತ್ತಾರೆ. ಗಾಡಿಯನ್ನು ಚಹಾದಂಗಡಿಯ ಪಕ್ಕ ನಿಲ್ಲಿಸುತ್ತಾರೆ. ಮುಚ್ಚಳವಿರುವ ನೀಲಿ ಬಕೆಟ್ಟನ್ನು ಮಾತ್ರ ಕೈಯಿಂದ ಬಿಡುವುದಿಲ್ಲ. ಊರಿನ ಶಿಶುವಿಹಾರದಲ್ಲಿ ಎಪ್ಪತ್ತು ಚಿಲ್ಲರೆ ಮಕ್ಕಳಿಗೆ ಮಧ್ಯಾಹ್ನದ ಊಟ ಬೇಯಿಸುವವರು, ಅದಕ್ಕೆ ಬೇಕಾದ್ದನ್ನೆಲ್ಲ ವಾರಕ್ಕೊಮ್ಮೆ ಈ ಸಂತೆಯಿಂದ ತರುವವರು ಇವರೇ. ಮಕ್ಕಳು ಇವರಿಗೆ ಇಟ್ಟ ಹೆಸರು ಬಕೆಟ್ ಅಜ್ಜಿ.

ಮೊದಲ ಸುತ್ತಿನಲ್ಲಿ ಅಜ್ಜಿ ಏನನ್ನೂ ಕೊಳ್ಳುವುದಿಲ್ಲ. ಕೊಳ್ಳುವ ಮುಖವನ್ನೂ ತೋರಿಸುವುದಿಲ್ಲ. ಕುಂಬಳಕಾಯಿಯ ತೊಟ್ಟು ಒಣಗಿ ಗಟ್ಟಿಯಾಗಿದೆಯೇ ಎಂದು ಹೆಬ್ಬೆರಳಲ್ಲಿ ಒತ್ತುತ್ತಾರೆ. ಎಲೆಕೋಸನ್ನು ಅಂಗೈಯಲ್ಲಿ ತೂಗಿ, ಕಿವಿಯ ಹತ್ತಿರ ಹಿಡಿದು ಅದುಮುತ್ತಾರೆ, ಕಿರಗುಟ್ಟಿದರೆ ತಲೆಯಾಡಿಸುತ್ತಾರೆ. ಮಾರುವವರ ಉಗುರು ನೋಡುತ್ತಾರೆ. ಉಗುರಲ್ಲಿ ಮಣ್ಣಿದ್ದರೆ ಬೆಳೆದವರೇ ತಂದಿದ್ದಾರೆಂದು ಲೆಕ್ಕ. ಪಾಲಕ್ ಸೊಪ್ಪಿನ ಕಂತೆ ಗಾಜಿನ ಹಾಗೆ ಸೆಟೆದು ನಿಂತಿದೆ. ಅದರ ಹತ್ತಿರ ಮಾತ್ರ ಕೈ ಚಾಚುವುದಿಲ್ಲ.

"ಬಿಸಿಲು ಬೀಳೋವರೆಗೂ ಮುಟ್ಟಬಾರದು. ಈಗ ಮುಟ್ಟಿದ್ರೆ ಬೆರಳಿಟ್ಟ ಕಡೆಯೆಲ್ಲ ಕಪ್ಪಾಗುತ್ತೆ. ತಾನಾಗಿ ಸಡಿಲ ಆಗ್ಲಿ ಅಂತ ಬಿಡಬೇಕು. ನಮ್ಮ ಮಕ್ಕಳೂ ಹಾಗೇನೇ. ಬೆಳಿಗ್ಗೆ ಚಳೀಲಿ ಬಂದ ತಕ್ಷಣ ಮಾತಾಡಿಸೋಕೆ ಹೋಗಬಾರದು."

ಅಷ್ಟರಲ್ಲಿ ಒಬ್ಬರು ಟೊಮ್ಯಾಟೊ ಇದೆಯೇ ಎಂದು ಎಲೆಕೋಸಿನವಳನ್ನು ಕೇಳುತ್ತಾರೆ. ಈ ತಿಂಗಳಲ್ಲಿ ಟೊಮ್ಯಾಟೊ ಕೇಳುವುದೂ ಒಂದೇ, ಮಧ್ಯರಾತ್ರಿ ಬಿಸಿಲು ಕೇಳುವುದೂ ಒಂದೇ ಎಂದು ಅಜ್ಜಿ ಗೊಣಗುತ್ತಾರೆ, ಅವರಿಗೆ ಕೇಳಿಸದ ಹಾಗೆ. ಕೇಳಿಸಿದರೆ ಎಲೆಕೋಸಿನವಳ ಗಿರಾಕಿ ತಪ್ಪುತ್ತದಲ್ಲ.

ಆದರೆ ಇಂದು ಅಜ್ಜಿಯ ಮನಸ್ಸು ಎಲೆಕೋಸಿನಲ್ಲೂ ಇಲ್ಲ, ಕುಂಬಳದಲ್ಲೂ ಇಲ್ಲ. ಬಯಲಿನ ತುದಿಯಲ್ಲಿ ಕೆಂಪು ಮಫ್ಲರು ಸುತ್ತಿಕೊಂಡ ಕ್ಯಾರೆಟ್ಟಿನವನ ಅಂಗಡಿಯಿದೆ. ಮೊದಲ ಸುತ್ತು ಅಲ್ಲಿಗೆ ಬರುವ ಮುಂಚೆಯೇ ತಿರುಗಿಬಿಡುತ್ತದೆ. ಎರಡನೆಯ ಸುತ್ತೂ ಹಾಗೆಯೇ. ಬಕೆಟ್ಟು ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುತ್ತದೆ.

ಈ ಬಕೆಟ್ಟಿನ ಕಥೆ ಹೇಳದೆ ಮುಂದೆ ಹೋಗುವಂತಿಲ್ಲ. ಅಜ್ಜಿ ಶಿಶುವಿಹಾರಕ್ಕೆ ಸೇರಿದ್ದು ಪಾತ್ರೆ ತೊಳೆಯಲು. ಗಂಡ ಬಸ್ಸಿನ ಚಾಲಕರಾಗಿದ್ದವರು; ಮಂಡಿ ಕೈಕೊಟ್ಟು ಮನೆಯಲ್ಲಿ ಕೂತ ವರ್ಷವದು. ಅದೇ ಚಳಿಗಾಲ ಹಿಮ ಬಿದ್ದು ದೊಡ್ಡ ರಸ್ತೆ ಮುಚ್ಚಿ, ದಿನಸಿಯ ಲಾರಿ ಬರುವುದು ನಿಂತುಹೋಯಿತು. ಆಗಿನ ಅಡುಗೆಯವನು ಲಾರಿ ಬಂದ ಮೇಲೆ ತಾನೂ ಬರುತ್ತೇನೆಂದು ಹೋದವನು ಹಿಂದಿರುಗಲಿಲ್ಲ. ಸುತ್ತಲಿನ ಹೊಲದವರು ಮಾತ್ರ ಕೈಗಾಡಿಗಳಲ್ಲಿ ಕ್ಯಾರೆಟ್ಟು, ಆಲೂಗಡ್ಡೆ, ಕುಂಬಳ ತಳ್ಳಿಕೊಂಡು ಬಂದರು. ಪಾತ್ರೆ ತೊಳೆಯುವ ಹೆಂಗಸು ಅವನ್ನು ಕೊಂಡು, ಬೇಯಿಸಿ, ಮಸೆದು ಸೂಪು ಮಾಡಿ ಮಕ್ಕಳ ಮುಂದಿಟ್ಟರು. ಅಂದಿನಿಂದ ಸೌಟು ಅವರ ಕೈಯಲ್ಲೇ ಇದೆ.

ಅಂದು ಮೊದಲು ಗಾಡಿ ತಳ್ಳಿಕೊಂಡು ಬಂದವನು ಈ ಮಫ್ಲರಿನವನೇ. ಶುಕ್ರವಾರದ ಊಟದಲ್ಲಿ ಮಕ್ಕಳು ಬಿಟ್ಟದ್ದನ್ನು ಅಜ್ಜಿ ಬಕೆಟ್ಟಿಗೆ ಹಾಕಿಟ್ಟು ಶನಿವಾರ ಅವನ ಕೋಳಿಗಳಿಗೆ ಕೊಡುವುದು ಆಗಲೇ ಶುರುವಾಯಿತು. ಅವನು ಮುಚ್ಚಳ ತೆಗೆದು ನೋಡುತ್ತಾನೆ. ಮೂಲಂಗಿ ಜಾಸ್ತಿ ಇದ್ದರೆ ಮುಂದಿನ ವಾರ ಮೂಲಂಗಿ ಕಡಿಮೆ ತರುತ್ತಾನೆ. ಮಕ್ಕಳು ಏನು ತಿಂದರು, ಏನು ಬಿಟ್ಟರು ಎಂಬುದನ್ನು ಇಬ್ಬರೂ ಬಾಯಿಬಿಟ್ಟು ಮಾತಾಡುವ ಅಗತ್ಯವೇ ಬಿದ್ದಿರಲಿಲ್ಲ. ಕ್ಯಾರೆಟ್ಟಂತೂ ಆ ಬಕೆಟ್ಟಿನಲ್ಲಿ ಎಂದೂ ಕಂಡದ್ದಿಲ್ಲ.

ಈ ವರ್ಷ ಕಂಡಿತು.

ಶಿಶುವಿಹಾರದ ಮಕ್ಕಳಿಗೆ ದಾಕ್ಷಿಣ್ಯ ಎಂಬುದಿಲ್ಲ. ಬೇಡವಾದದ್ದನ್ನು ಬಾಯಿಂದ ನೇರ ತಟ್ಟೆಗೆ ಇಳಿಸುತ್ತಾರೆ. ಅವರಲ್ಲಿ ನಾಲ್ಕು ವರ್ಷದ ಹುಡುಗಿಯೊಬ್ಬಳಿದ್ದಾಳೆ. ಒಲ್ಲದ ತುಂಡುಗಳನ್ನು ತಟ್ಟೆಯ ಅಂಚಿನಲ್ಲಿ ಒಂದರ ಪಕ್ಕ ಒಂದು ಜೋಡಿಸಿ ಕಾಂಪೌಂಡು ಕಟ್ಟುತ್ತಾಳೆ. ಅವಳಿಗೆ ಅಜ್ಜಿ ಇಟ್ಟ ಹೆಸರು ಮೇಸ್ತ್ರಿ. ಒಂದು ದಿನ ಮೇಸ್ತ್ರಿ ಕ್ಯಾರೆಟ್ಟಿನ ಗೋಡೆ ಎಬ್ಬಿಸಿದಳು. ಮರುದಿನ ಮೇಜಿನ ಉದ್ದಕ್ಕೂ ಗೋಡೆಗಳೆದ್ದವು. ಅಜ್ಜಿ ಒಂದು ತುಂಡು ಬಾಯಿಗಿಟ್ಟು ನೋಡಿದರು. ಔಷಧಿಯ ಹಾಗೆ ಕಹಿ.

ಕ್ಯಾರೆಟ್ಟು ಕಹಿಯಾದರೆ ಯಾರನ್ನು ಕೇಳಬೇಕು? ಬೆಳೆದವನನ್ನು. ಅಜ್ಜಿ ಸಂತೆಯ ನಡುವೆ ನಿಂತು, ನಾಲ್ಕು ಜನರಿಗೆ ಕೇಳಿಸುವ ಹಾಗೆ ಅವನನ್ನು ಕೇಳಿಯೇಬಿಟ್ಟರು: ಹೊಲಕ್ಕೆ ಏನು ಸುರಿದೆ? ಅವನು ಏನೂ ಇಲ್ಲವೆಂದ. ಮುಂದಿನ ವಾರವೂ ಕಹಿ. ಅದರ ಮುಂದಿನ ವಾರ ಅಜ್ಜಿ ಅವನ ಅಂಗಡಿ ದಾಟಿ, ಬಕೆಟ್ಟು ಹಿಡಿದುಕೊಂಡೇ ಬೇರೆಯವನ ಹತ್ತಿರ ಹೋದರು. ಚಳಿಗಾಲದಲ್ಲಿ ಅವನ ದೊಡ್ಡ ಗಿರಾಕಿಯೆಂದರೆ ಶಿಶುವಿಹಾರ. ಅದು ತಪ್ಪಿದರೆ ಬೆಳಗಿನ ಜಾವದಲ್ಲಿ ಅಷ್ಟು ದೂರದಿಂದ ಗಾಡಿ ಹೊಡೆದುಕೊಂಡು ಬರುವುದರಲ್ಲಿ ಅರ್ಥವೇ ಇಲ್ಲ.

ಇತ್ತ ಮುಖ್ಯ ಶಿಕ್ಷಕಿ ಅಜ್ಜಿಯನ್ನು ಕೂರಿಸಿಕೊಂಡು ಮಾತಾಡಿದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು ಎನ್ನುತ್ತಾರೆ ಅಜ್ಜಿ. ಮಕ್ಕಳು ಹಸಿದುಕೊಂಡು ಮನೆಗೆ ಹೋಗುತ್ತಿದ್ದಾರೆ, ತಾಯಂದಿರು ಕೇಳುತ್ತಿದ್ದಾರೆ. ಹೆಚ್ಚಿ, ಮಂಜುಗಟ್ಟಿಸಿ, ಪೊಟ್ಟಣ ಕಟ್ಟಿದ ತರಕಾರಿಯನ್ನು ಬಾಗಿಲಿಗೇ ತಂದುಕೊಡುವವರಿದ್ದಾರೆ. ನಿಮಗೂ ವಯಸ್ಸಾಯಿತು, ಈ ಚಳಿಯಲ್ಲಿ ಗಾಡಿ ಎಳೆಯುವುದು ತಪ್ಪುತ್ತದೆ ಎಂದರು. ಇನ್ನೆರಡು ವಾರ ನೋಡೋಣ, ಆಮೇಲೆ ಪೊಟ್ಟಣವೇ ಎಂದು ತೀರ್ಮಾನವಾಯಿತು.

ಆ ಎರಡರಲ್ಲಿ ಮೊದಲ ವಾರ ಮುಗಿಯುವ ಹೊತ್ತಿಗೆ, ಬೇರೆಯವನಿಂದ ತಂದ ಕ್ಯಾರೆಟ್ಟೂ ಕಹಿಯಾಯಿತು. ತಂದ ದಿನ ಕಚ್ಚಿ ನೋಡಿದಾಗ ಸಕ್ಕರೆಯಂತಿದ್ದದ್ದು ಶುಕ್ರವಾರಕ್ಕೆ ನಾಲಿಗೆಗೆ ಇಡಲಾಗದಂತಾಯಿತು. ಸಂತೆಯಲ್ಲಿ ಸಿಹಿ, ಶಿಶುವಿಹಾರಕ್ಕೆ ಬಂದ ಮೇಲೆ ಕಹಿ ಎಂದರೆ ತಪ್ಪು ಎಲ್ಲಿದೆ?

ಉತ್ತರ ಸಿಕ್ಕಿದ್ದು ಇಂದು ಬೆಳಿಗ್ಗೆಯೇ, ಬಯಲಿನ ಬಾಗಿಲಲ್ಲಿ ಕೂರುವ ಸೇಬಿನವಳಿಂದ. ಇಬ್ಬರೂ ಒಬ್ಬರನ್ನೊಬ್ಬರು ಅತ್ತಿಗೆ ಎಂದೇ ಕರೆಯುವುದು. ನಂಟಿಲ್ಲ, ಜಗಳವಾಡಲು ಅನುಕೂಲವಾಗಲಿ ಎಂದು ಇಟ್ಟುಕೊಂಡ ನಂಟು. ಅಜ್ಜಿ ತಮ್ಮ ಗೋಳು ಹೇಳಿಕೊಂಡಾಗ ಸೇಬಿನವಳು ಕೇಳಿದ್ದು ಒಂದೇ ಮಾತು.

"ನನ್ನ ಸೇಬು ಎಲ್ಲಿಟ್ಟಿದ್ದೀರಿ ಅತ್ತಿಗೆ?"

ಎಲ್ಲಿಟ್ಟಿದ್ದರು? ಪ್ರತಿ ವರ್ಷ ಸೇಬಿನ ಪೆಟ್ಟಿಗೆಗಳು ಶಿಶುವಿಹಾರದ ಹಿಂದಿನ ಜಗಲಿಯ ಮೇಲಿರುತ್ತಿದ್ದವು. ಈ ಸಲ ಚಳಿ ಹೆಚ್ಚು, ಸೇಬು ಮರಗಟ್ಟಿಬಿಟ್ಟರೆ ಎಂದು ಹೆದರಿದ ಅಜ್ಜಿ ಅವನ್ನು ನೆಲಮಾಳಿಗೆಗೆ ಇಳಿಸಿದ್ದರು. ಮರಳು ತುಂಬಿದ ಪೆಟ್ಟಿಗೆಗಳಲ್ಲಿ ಕ್ಯಾರೆಟ್ಟು ಹೂತಿಡುವುದೂ ಅದೇ ಕೋಣೆಯಲ್ಲಿ. ಸಾಲದೆಂದು ಗಾಳಿ ಬರುವ ಕಿಂಡಿಗೂ ಗೋಣಿಚೀಲ ತುರುಕಿದ್ದರು. ಎಲ್ಲರೂ ಬೆಚ್ಚಗಿರಲಿ ಎಂಬ ಪ್ರೀತಿ.

ಸೇಬಿನವಳು ಹಣೆ ಚಚ್ಚಿಕೊಂಡಳು. ಸೇಬು ಉಸಿರಾಡುತ್ತದೆ, ಮುಚ್ಚಿದ ಕೋಣೆಯಲ್ಲಿ ಆ ಉಸಿರು ಕ್ಯಾರೆಟ್ಟಿಗೆ ತಾಗಿದರೆ ಕಹಿಯಾಗದೆ ಇನ್ನೇನು. ತನ್ನ ಅತ್ತೆ ಸೇಬಿನ ಕೋಣೆಗೆ ಈರುಳ್ಳಿಯನ್ನೂ ಸೇರಿಸುತ್ತಿರಲಿಲ್ಲ, ಸೊಸೆಯನ್ನೂ ಸೇರಿಸುತ್ತಿರಲಿಲ್ಲ ಎಂದಳು. ತನಗೇ ಗೊತ್ತಿದ್ದದ್ದನ್ನು ಗಿರಾಕಿಗೆ ಹೇಳಬೇಕೆಂದು ಇಷ್ಟು ವರ್ಷ ಹೊಳೆಯಲೇ ಇಲ್ಲವೆಂದು ತನ್ನನ್ನೂ ಬೈದುಕೊಂಡಳು.

ಹೀಗೆ ಮೂರನೆಯ ಸುತ್ತಿನಲ್ಲಿ ಅಜ್ಜಿ ಬಯಲಿನ ತುದಿಗೆ ಬಂದು ನಿಲ್ಲುತ್ತಾರೆ. ಮಫ್ಲರಿನವನು ತಲೆ ಎತ್ತುವುದಿಲ್ಲ. ಕ್ಯಾರೆಟ್ಟಿನ ಮಣ್ಣು ಒರೆಸುತ್ತಿರುತ್ತಾನೆ, ಒರೆಸಿದ್ದನ್ನೇ ಮತ್ತೆ ಒರೆಸುತ್ತಾನೆ. ಅಜ್ಜಿ ಬಕೆಟ್ಟನ್ನು ಅವನ ಹಲಗೆಯ ಮೇಲಿಡುತ್ತಾರೆ.

"ತಮ್ಮಾ, ತಪ್ಪು ನಿನ್ನ ಹೊಲದ್ದಲ್ಲ. ನನ್ನ ಕೋಣೇದು."

ಸೇಬಿನ ಸಂಗತಿಯನ್ನು ಮೊದಲಿಂದ ಕೊನೆಯವರೆಗೆ ಹೇಳುತ್ತಾರೆ. ಅಂದು ಎಷ್ಟು ಜೋರಾಗಿ ಬೈದಿದ್ದರೋ ಇಂದೂ ಅಷ್ಟೇ ಜೋರಾಗಿ. ಅಂದು ಕೇಳಿಸಿಕೊಂಡ ಅಕ್ಕಪಕ್ಕದವರಿಗೆ ಇದೂ ಕೇಳಿಸಬೇಕು. ಅವನು ಕೊನೆಗೆ ಬಾಯಿಬಿಡುತ್ತಾನೆ.

"ಹೋದ ವಾರ ಆ ಕಡೆಯವನ ಹತ್ರ ತಗೊಂಡ್ರಲ್ಲ ಅಕ್ಕ, ಅದೂ ಕಹಿ ಆಯ್ತಾ?"

"ಅದೂ ಆಯ್ತಪ್ಪ."

"ಹಾಗಾದ್ರೆ ಸ್ವಲ್ಪ ಸಮಾಧಾನ."

ನಗು ಮೊದಲು ಬಂದದ್ದು ಪಕ್ಕದ ಎಲೆಕೋಸಿನವಳಿಗೆ. ಆಮೇಲೆ ಅವನಿಗೆ. ತಾನೂ ಹೆಂಡತಿಯೂ ದಿನಾ ಒಂದೊಂದು ಸಾಲಿನ ಕ್ಯಾರೆಟ್ಟು ಕಿತ್ತು ಕಚ್ಚಿ ಹಲ್ಲು ಸವೆಸಿಕೊಂಡದ್ದನ್ನು ಹೇಳುತ್ತಾನೆ. ಎಲ್ಲವೂ ಸಿಹಿಯೇ. ಹೊಲ ಸರಿಯಿದೆ, ಕೆಟ್ಟಿರುವುದು ನಮ್ಮ ನಾಲಿಗೆಯೇ ಎಂದು ಗಂಡ ಹೆಂಡಿರು ಬಿಸಿನೀರಿಗೆ ಉಪ್ಪು ಹಾಕಿ ಬಾಯಿ ಮುಕ್ಕಳಿಸಿದರಂತೆ. ಈ ವಾರ ಮಾರಿ, ಮುಂದಿನ ವಾರದಿಂದ ಬರುವುದು ಬೇಡವೆಂದು ಮಾತಾಡಿಕೊಂಡಿದ್ದರಂತೆ.

ಬಕೆಟ್ಟಿನ ಮುಚ್ಚಳ ತೆಗೆದು ನೋಡಿ, ಅದರಲ್ಲಿದ್ದ ಕಹಿ ತುಂಡುಗಳನ್ನು ತನ್ನ ಚೀಲಕ್ಕೆ ಸುರಿದುಕೊಳ್ಳುತ್ತಾನೆ. ಕೋಳಿಗಳು ಇಷ್ಟು ನಾಜೂಕಿನವಲ್ಲ ಎನ್ನುತ್ತಾನೆ. ಮಣ್ಣಿನ ಸಮೇತ ಕ್ಯಾರೆಟ್ಟನ್ನು ಗಾಡಿಗೆ ತುಂಬುತ್ತಾನೆ. ಮಣ್ಣಿದ್ದರೆ ಹೆಚ್ಚು ದಿನ ತಾಳುತ್ತದೆ. ಅಜ್ಜಿ ಹೊರಟಾಗ ಹಿಂದಿನಿಂದ ಕೂಗುತ್ತಾನೆ.

"ಮುಂದಿನ ವಾರ ಬಕೆಟ್ಟು ತನ್ನಿ ಅಕ್ಕ. ಖಾಲಿ ಇದ್ರೂ ತನ್ನಿ."

ಅಂದೇ ಅಜ್ಜಿ ಕಿಂಡಿಯ ಗೋಣಿಚೀಲ ಕಿತ್ತರು, ಹಳೆಯ ಮರಳು ಬದಲಾಯಿಸಿದರು. ಜಗಲಿಯ ಚಳಿಯ ಭಯ ಇನ್ನೂ ಹೋಗಿಲ್ಲವಾದ್ದರಿಂದ ಸೇಬಿನ ಪೆಟ್ಟಿಗೆಗಳು ಅವರ ಮನೆಗೆ, ಮಲಗುವ ಮಂಚದ ಕೆಳಗೆ ಹೋದವು. ಎರಡು ಕೋಣೆಯ ಮನೆ. ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೂತಿರುವ ಯಜಮಾನರಿಗೆ ದೂರು ಹೇಳಲು ಹೊಸ ವಿಷಯ ಸಿಕ್ಕಿದೆ. "ಕಣ್ಣು ಮುಚ್ಚಿದ್ರೆ ಸಾಕು, ಸೇಬಿನ ವಾಸನೆಗೆ ತೋಟ ಕಾಯೋಕೆ ಮಲಗಿದ ಹಾಗಿರುತ್ತೆ. ಇನ್ನು ಇವಳು ನನ್ನ ಪಕ್ಕ ಕ್ಯಾರೆಟ್ಟು ಇಟ್ಟು ಕಹಿ ಆಗುತ್ತಾ ಅಂತ ನೋಡ್ತಾಳೆ." ಅಜ್ಜಿ ದಿನಾ ಬೆಳಿಗ್ಗೆ ಅಂದಂದಿನ ಸೇಬನ್ನು ಚೀಲದಲ್ಲಿ ಹೊತ್ತು ಶಿಶುವಿಹಾರಕ್ಕೆ ಒಯ್ಯುತ್ತಾರೆ. ಚಳಿಗೆ ಬೆರಳ ಸಂದುಗಳು ಒಡೆದಿವೆ. ತರಕಾರಿ ಹೆಚ್ಚುವಾಗ ಉರಿಯುತ್ತದೆಯೇ ಎಂದರೆ, ಉರಿದದ್ದು ಆ ಮೂರು ವಾರ, ಅದು ಬೆರಳಲ್ಲ ಎನ್ನುತ್ತಾರೆ.

ಸೋಮವಾರ ಸಿಹಿ. ಮಂಗಳವಾರ, ಬುಧವಾರವೂ ಸಿಹಿ. ಆದರೂ ಅಜ್ಜಿಗೆ ನಂಬಿಕೆಯಿಲ್ಲ. ಹೋದ ವಾರ ಕೈಕೊಟ್ಟದ್ದು ಕೊನೆಯ ದಿನವೇ ಅಲ್ಲವೇ?

ಶುಕ್ರವಾರ. ಅಡುಗೆಮನೆಯ ಕಿಟಕಿಗಳೆಲ್ಲ ಹಬೆಯಿಂದ ಮಂಜಾಗಿವೆ. ಅಜ್ಜಿ ನೆಲಮಾಳಿಗೆಯಿಂದ ತಂದ ಕ್ಯಾರೆಟ್ಟಿನ ಒಂದು ತುದಿ ಕಚ್ಚಿ, ಗೋಡೆಗೆ ಒರಗಿ, ಕಣ್ಣು ಮುಚ್ಚಿ ಅಗಿಯುತ್ತಾರೆ. ಹೆಚ್ಚಲು ಶುರು ಮಾಡುತ್ತಾರೆ. ಇಂದು ಮಸೆದ ಸೂಪಲ್ಲ, ಬೇಯಿಸಿ ಬೆಣ್ಣೆ ಹಚ್ಚಿದ ದಪ್ಪ ತುಂಡುಗಳು. ಮಸೆದರೆ ಮೋಸ ಮಾಡಿದ ಹಾಗಾಗುತ್ತದಂತೆ.

ಊಟದ ಕೋಣೆಯಲ್ಲಿ ಮುಖ್ಯ ಶಿಕ್ಷಕಿಯೂ ಒಂದು ಪುಟ್ಟ ಕುರ್ಚಿಯಲ್ಲಿ ಮಂಡಿ ಮಡಚಿ ಕೂತಿದ್ದಾರೆ. ಅಜ್ಜಿ ಬಾಗಿಲಿನ ಹಿಂದೆ ನಿಂತು ಒಂದೇ ತಟ್ಟೆ ನೋಡುತ್ತಿದ್ದಾರೆ. ಮೇಸ್ತ್ರಿ ಮೊದಲ ತುಂಡನ್ನು ಬೆರಳಲ್ಲಿ ಹಿಡಿದು ತಿರುಗಿಸುತ್ತಾಳೆ. ತಟ್ಟೆಯ ಅಂಚಿಗೆ ಇಡುತ್ತಾಳೆ. ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ. ಎರಡನೆಯದನ್ನು ಅದರ ಪಕ್ಕಕ್ಕೆ, ಮೂರನೆಯದನ್ನು ಅದರ ಪಕ್ಕಕ್ಕೆ. ಸಾಲು ಮುಗಿಯುತ್ತದೆ. ಆಮೇಲೆ ಮೇಸ್ತ್ರಿ ಒಂದು ತುದಿಯಿಂದ ಶುರು ಮಾಡಿ ಗೋಡೆಯನ್ನು ತಿನ್ನುತ್ತ ಬರುತ್ತಾಳೆ. ಮುಗಿದ ಮೇಲೆ ತಟ್ಟೆ ಎತ್ತಿ ತೋರಿಸಿ, ಇನ್ನೊಂದು ಕಟ್ಟುವುದಕ್ಕೆ ಬೇಕೆಂದು ಕೇಳುತ್ತಾಳೆ.

ಪೊಟ್ಟಣದ ಮಾತನ್ನು ಮುಖ್ಯ ಶಿಕ್ಷಕಿ ಮತ್ತೆ ಎತ್ತುವುದಿಲ್ಲ. ತಟ್ಟೆ ಒಪ್ಪಿಸಲು ಬಂದವರು, ಮೆಟ್ಟಿಲ ಕೆಳಗೆ ಪೊರಕೆ ಇಡುವ ಗೂಡಿದೆಯಲ್ಲ, ಅದನ್ನು ಖಾಲಿ ಮಾಡಿಸಿದರೆ ಸೇಬಿಗೆ ಆದೀತೇ ಎಂದು ಕೇಳುತ್ತಾರೆ. ಅಜ್ಜಿ ಬಹಳ ದಿನ ಯೋಚಿಸಿಟ್ಟವರಂತೆ ತಕ್ಷಣ ಉತ್ತರ ಕೊಡುತ್ತಾರೆ. "ಬೇರೆ ಬಾಗಿಲಿದ್ರೆ ಸಾಕು ಮೇಡಂ. ಅದಕ್ಕಿಂತ ಹೆಚ್ಚಿಗೆ ನಾನೇನೂ ಕೇಳಲ್ಲ. ನಮ್ಮ ಯಜಮಾನರೂ ನೆಮ್ಮದಿಯಾಗಿ ಮಲಗ್ತಾರೆ."

ಮಕ್ಕಳು ಹೋದ ಮೇಲೆ ಅಜ್ಜಿ ತಟ್ಟೆಗಳನ್ನು ಒಂದೊಂದಾಗಿ ಬಕೆಟ್ಟಿನ ಮೇಲೆ ಬಗ್ಗಿಸುತ್ತಾರೆ. ಬೀಳುವುದಕ್ಕೆ ಏನೂ ಇಲ್ಲ. ಬ್ರೆಡ್ಡಿನ ಒಂದು ಅಂಚು ಬೀಳುತ್ತದೆ. ಅದನ್ನೂ ಹೆಕ್ಕಿ ಕಿಟಕಿಯ ಹೊರಗಿನ ಗುಬ್ಬಿಗಳಿಗೆ ಹಾಕುತ್ತಾರೆ. ಬಳಿಕ ಬಕೆಟ್ಟನ್ನು ಬಿಸಿನೀರಲ್ಲಿ ತೊಳೆದು, ಒಳಗೂ ಹೊರಗೂ ಒರೆಸಿ, ನಾಳೆ ಕೈಗೆ ಸಿಗುವ ಹಾಗೆ ಬಾಗಿಲ ಪಕ್ಕ ಬೋರಲು ಹಾಕುತ್ತಾರೆ.

"ನಾಳೆ ಇದನ್ನೇ ತಗೊಂಡು ಹೋಗಿ ಅವನ ಹಲಗೆ ಮೇಲಿಡ್ತೀನಿ. ಮುಚ್ಚಳ ಅವನೇ ತೆಗೀಲಿ," ಎನ್ನುತ್ತಾರೆ ಅಜ್ಜಿ. "ಕೋಳಿಗಳು ಬೈಕೋತಾವೆ. ಬೈಕೊಳ್ಳಲಿ ಬಿಡಿ."