ಆಲೆಮನೆಯ ಒಳಗಿನವರು

ಕೈರೋದಿಂದ ಬಹು ದೂರ ದಕ್ಷಿಣಕ್ಕಿರುವ ನಾಗ್ ಹಮ್ಮಾದಿಯಿಂದ ಪಶ್ಚಿಮಕ್ಕೆ, ಕಬ್ಬು ಸಾಗಿಸುವ ಪುಟ್ಟ ರೈಲಿನ ಹಳಿ ದಾಟಿದರೆ ನಮ್ಮ ಊರು. ಇಲ್ಲಿ ಹೆಣ್ಣಿನ ಹೆಸರನ್ನು ಗಂಡಸರ ನಡುವೆ ಎತ್ತುವುದಿಲ್ಲ. ಹೆಂಡತಿಯನ್ನು ‘ಮನೆಯವರು’ ಅನ್ನುತ್ತಾರೆ, ತಾಯಿಯನ್ನು ಹಿರಿಮಗನ ಹೆಸರು ಹಿಡಿದು ಇಂಥವನ ಅಮ್ಮ ಅನ್ನುತ್ತಾರೆ. ಹುಡುಗಿಯ ಹೆಸರು ಗಂಡಸರ ಮುಂದೆ ಗಟ್ಟಿಯಾಗಿ ಕೇಳಿಸುವುದು ಒಮ್ಮೆ ಮಾತ್ರ, ಮದುವೆಯ ಕರಾರು ಬರೆಸುವ ದಿನ. ಅದೂ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇಬ್ಬರು ಸಾಕ್ಷಿಗಳ ಎದುರಿಗೆ.

ನಬವಿಯಾ ನನ್ನ ಚಿಕ್ಕಪ್ಪ ಅಬ್ದುರ್ರಾಜಿಕ್ ಅವರ ಮಗಳು. ಚಿಕ್ಕಪ್ಪ ಹನ್ನೊಂದು ವರ್ಷ ಕುವೈತಿನಲ್ಲಿ ಗಾರೆ ಕೆಲಸ ಮಾಡಿ ಬಂದು ಈಗ ಕಾಲುವೆಯ ತೂಬು ನೋಡಿಕೊಳ್ಳುತ್ತಾರೆ. ನಬವಿಯಾ ಕೆನಾ ನಗರದ ಕಾಲೇಜಿನಲ್ಲಿ ಕಂಪ್ಯೂಟರ್ ಓದಿದಳು. ಬೆಳಿಗ್ಗೆ ಹೋಗಿ ಮಧ್ಯಾಹ್ನ ಬಂದರೆ ಉಳಿದ ಹೊತ್ತು ಹಾಜಿ ಖಲಫಲ್ಲಾ ಅವರ ಆಲೆಮನೆಯಲ್ಲಿ ಕೆಲಸ.

ಆ ಆಲೆಮನೆಯಲ್ಲಿ ಕಬ್ಬಿನ ಹಾಲು ಕಾಯಿಸಿ ಜೋನಿಬೆಲ್ಲ ಮಾಡುತ್ತಾರೆ. ಯಾವ ಗಡಿಗೆ ಯಾರಿಗೆ ಎಂಬುದನ್ನು ಮೊದಲೆಲ್ಲ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದಿಡುತ್ತಿದ್ದರು. ಕೊಪ್ಪರಿಗೆಯ ಹಬೆಗೆ ಅದು ಅಳಿಸಿ, ಲಕ್ಸರಿನ ಗಡಿಗೆ ಅಸ್ಯೂತಿಗೆ ಹೋಗುತ್ತಿತ್ತು. ನಬವಿಯಾ ಇದನ್ನೆಲ್ಲ ಮೊಬೈಲಿಗೆ ತಂದಳು. ತಾನೇ ಪ್ರೋಗ್ರಾಂ ಬರೆದು, ಒಂದು ಕಟ್ಟುನಿಟ್ಟು ಮಾಡಿದಳು: ಹೆಸರು ಬರೆಯದ ಗಡಿಗೆ ಲಾರಿ ಹತ್ತುವಂತಿಲ್ಲ. ವಿಧವೆಯರ ಮನೆಗೆ ಹೋಗುವ ಗಡಿಗೆಯ ಮೇಲೆ ಮಾತ್ರ, ಹೆಣ್ಣಿನ ಹೆಸರು ಕಾಣಬಾರದೆಂದು, ಹಾಜಿಯವರು ಹೆಸರಿನ ಬದಲು ಒಂದು ಸೊನ್ನೆ ಬರೆಸುತ್ತಿದ್ದರು.

ಅವಳು ಹಿತ್ತಿಲ ಬಾಗಿಲಿನಿಂದ ಬಂದು ಹಿಂದಿನ ಕೋಣೆಯಲ್ಲಿ ಕೂರುತ್ತಿದ್ದಳು. ಆಲೆಮನೆಯಲ್ಲಿ ಅವಳಿಗೆ ‘ಒಳಗಿನವರು’ ಎಂದೇ ಹೆಸರು. ಲಾರಿ ಓಡಿಸುವವರಿಗೆ ಅವಳಿಂದ ಸಂದೇಶ ಹೋಗುತ್ತಿತ್ತು, ಕೆಳಗೆ ‘ಇಂಜಿನಿಯರ್’ ಎಂದು ಮಾತ್ರ ಇರುತ್ತಿತ್ತು. ಶಾಜಲಿ ಎಂಬ ಚಾಲಕ ಒಮ್ಮೆ ಜಗಳವಾಡಿ, ನಿಮ್ಮ ಮೀಸೆಯಾಣೆ ಇಂಜಿನಿಯರ್ ಸಾಹೇಬರೇ, ನಾನು ಹತ್ತಿಸಿಕೊಂಡಿದ್ದು ನಲವತ್ತೇ ಗಡಿಗೆ ಎಂದು ಬರೆದಿದ್ದ. ನಬವಿಯಾ ಅದನ್ನು ನನಗೆ ತೋರಿಸಿ, ‘ಮೀಸೆ ನೋಡು, ಎಷ್ಟು ಸೊಂಪಾಗಿದೆ’ ಅಂದಿದ್ದಳು.

ಹೀಗೆ ಮೂರು ವರ್ಷ ಕಳೆಯಿತು. ಓದು ಮುಗಿದ ಮೇಲೆ ಅವಳು ಒಂದು ದೊಡ್ಡ ಕಂಪನಿಗೆ ಅರ್ಜಿ ಹಾಕಿದಳು. ಐದು ಸಂದರ್ಶನಗಳಾದವು, ಎಲ್ಲವೂ ಮೊಬೈಲಿನ ಮುಂದೆ. ಒಂದರ ನಡುವೆ ಕರೆಂಟು ಹೋಯಿತು. ಮುಖ ಕಾಣದಿದ್ದರೂ ಅವಳು ಕತ್ತಲ ಕೋಣೆಯಿಂದಲೇ ಉತ್ತರ ಹೇಳಿ ಮುಗಿಸಿದಳು. ಕೆಲಸ ಸಿಕ್ಕಿತು. ಐರ್ಲೆಂಡಿನ ಡಬ್ಲಿನ್ ಊರಿಗೆ ಹೋಗಬೇಕು, ವೀಸಾ ಮತ್ತು ಮನೆಯ ಏರ್ಪಾಡು ಅವರದ್ದೇ. ಆದರೆ ಅರ್ಜಿಯಲ್ಲಿ ಬರೆದ ಕೆಲಸವನ್ನು ನಿಜವಾಗಿ ಮಾಡಿದ್ದಾಳೆಯೇ ಎಂದು ವಿಚಾರಿಸಿದ ಮೇಲೆಯೇ ಎಲ್ಲವೂ ಖಾಯಂ. ಅವಳು ಹಾಜಿಯವರ ನಂಬರ್ ಕೊಟ್ಟಳು.

ಹಾಜಿಯವರಿಗೆ ಒಂದು ಮಾತು ಹೇಳಿಡಬೇಕಿತ್ತು. ಅವಳ ತಾಯಿ ಫಾಯ್ಕಾ ಬಿಡಲಿಲ್ಲ. ವಿಮಾನ ಹತ್ತುವ ತನಕ ಯಾರಿಗೂ ತಿಳಿಯಕೂಡದು, ದೃಷ್ಟಿ ತಾಗಿದರೆ ಬೇಯುವ ಬೆಲ್ಲವೂ ಒಡೆಯುತ್ತದೆ ಎಂದು ಹಟ ಹಿಡಿದರು. ನಬವಿಯಾ ಅಮ್ಮನ ಮಾತಿಗೆ ಒಪ್ಪಿದಳು.

ಜನವರಿಯಲ್ಲಿ, ಕಬ್ಬು ಅರೆಯುವ ಭರಾಟೆಯ ನಡುವೆ, ಕೈರೋದಿಂದ ಒಬ್ಬಾತ ಫೋನ್ ಮಾಡಿದ. ನಬವಿಯಾ ಅಬ್ದುರ್ರಾಜಿಕ್ ಎಂಬ ಯುವತಿ ನಿಮ್ಮಲ್ಲಿ ಕೆಲಸಕ್ಕಿದ್ದಾಳೆಯೇ ಎಂದು ಕೇಳಿದ. ಅಪರಿಚಿತ ಗಂಡಸು, ಹುಡುಗಿಯ ಹೆಸರು, ಅದೂ ಅಪ್ಪನ ಹೆಸರಿನ ಸಮೇತ. ಹಾಜಿಯವರು ಅರೆಗಳಿಗೆಯೂ ತಡೆಯಲಿಲ್ಲ. ನಮ್ಮಲ್ಲಿ ಹೆಣ್ಣಾಳೇ ಇಲ್ಲ ಅಂದರು. ಹಿಂದೆ ಯಾವಾಗಲಾದರೂ ಇದ್ದಳೇ ಎಂದು ಆತ ಕೇಳಿದ್ದಕ್ಕೆ, ಈ ಊರಿನಲ್ಲೇ ಆ ಹೆಸರಿನವರಿಲ್ಲ ಎಂದು ಫೋನ್ ಇಟ್ಟರು. ಸಂಜೆ ಮಸೀದಿಯ ಮುಂದೆ ಚಿಕ್ಕಪ್ಪನನ್ನು ಬದಿಗೆ ಕರೆದು ನಡೆದದ್ದನ್ನು ತಿಳಿಸಿದರು. ವಿಚಾರಣೆಯ ಸಂಗತಿ ಗೊತ್ತಿಲ್ಲದ ಚಿಕ್ಕಪ್ಪ ಅವರ ಕೈ ಹಿಡಿದು, ನಮ್ಮ ಮಾನ ಕಾಪಾಡಿದಿರಿ ಎಂದು ಕೃತಜ್ಞತೆ ಹೇಳಿದರು. ಮನೆಗೆ ಬಂದು ಬಾಯಿ ಬಿಡಲಿಲ್ಲ.

ನಾಲ್ಕನೆಯ ದಿನ ಕಂಪನಿಯ ಪತ್ರ ಬಂತು. ನೀವು ಹೇಳಿದ ಮಾಲೀಕರು ನಿಮ್ಮನ್ನು ಅರಿಯೆವು ಎಂದಿದ್ದಾರೆ. ಐದು ದಿನದೊಳಗೆ ಅವರೇ ಗುರುತಿನ ಚೀಟಿ ಹಿಡಿದು ವಿಡಿಯೊದಲ್ಲಿ ಮಾತನಾಡದಿದ್ದರೆ ಕೆಲಸ ರದ್ದು.

ಬೇರೆ ಪುರಾವೆ ಇರಲಿಲ್ಲ. ನೇಮಕದ ಕಾಗದವಿಲ್ಲ, ವಿಮೆಯಿಲ್ಲ, ಆಲೆಮನೆಯ ಯಾವ ಹಾಳೆಯಲ್ಲೂ ಅವಳ ಹೆಸರಿಲ್ಲ. ಇರದಂತೆ ಎಲ್ಲರೂ ಎಚ್ಚರ ವಹಿಸಿದ್ದರು.

ನಬವಿಯಾ ತಾಯಿಯನ್ನೂ ನನ್ನನ್ನೂ ಕರೆದುಕೊಂಡು ಹಾಜಿಯವರ ಮನೆಗೆ ಹೋದಳು. ವಿಷಯ ಕೇಳಿ ಅವರು ಜಪಮಣಿ ಬದಿಗಿಟ್ಟು ಮೊಹರಿನ ಡಬ್ಬಿ ಎಳೆದುಕೊಂಡರು.

‘ಕಾಗದ ಬರ್ಕೊಡ್ತೀನಿ ಮಗಳೇ. ಮೊಹರು ಒತ್ತಿ ಕೊಡ್ತೀನಿ, ಒಂದಲ್ಲ ಹತ್ತು.’

‘ಕಾಗದ ಅವರು ಒಪ್ಪಲ್ಲ ದೊಡ್ಡಪ್ಪ. ಇಲ್ಲ ಅಂದ ಬಾಯೇ ಇದಾಳೆ ಅನ್ನಬೇಕಂತೆ.’

‘ಅಂದ್ರೆ ಯಾವನೋ ಕೈರೋದವನ ಎದುರು ಕೂತು ನಿನ್ನ ಹೆಸರು ಹೇಳ್ಲಾ? ನನ್ನ ಮಗಳ ಹೆಸರೇ ನನ್ನ ಅಳಿಯನ ಮುಂದೆ ಹೇಳ್ದೋನಲ್ಲ ನಾನು.’

‘ನನ್ನ ಹೆಸರು ಅವರ ಹತ್ರ ಆಗ್ಲೇ ಇದೆ. ನಾನು ಅಲ್ಲಿ ಕೂತಿದ್ದೆ ಅನ್ನೋದು ಮಾತ್ರ ನಿಮ್ಮ ಹತ್ರ ಇದೆ.’

ಹಾಜಿಯವರು ಫಾಯ್ಕಾ ಅವರ ಕಡೆ ತಿರುಗಿ, ಹಿರಿಮಗನ ಹೆಸರು ಹಿಡಿದು ಕರೆದರು. ‘ಹಮ್ದಿ ಅಮ್ಮಾ, ನೀನಾದ್ರೂ ಒಂದು ಮಾತು ಹೇಳಬಾರ್ದಿತ್ತಾ? ನನ್ನ ಕಣ್ಣೇನು ಅಷ್ಟು ಕೆಟ್ಟದ್ದಾ?’

ಹಾಜಿಯವರು ಯೋಚಿಸಿ ನಾಳೆ ಹೇಳುತ್ತೇನೆ ಎಂದರು. ಮರುದಿನ ಚಿಕ್ಕಪ್ಪನಿಗೆ ಹೇಳಿಕಳಿಸಿದರು: ಹೆಸರು ಹೇಳುವುದೇ ಆದರೆ ಕ್ರಮದಂತೆ ಹೇಳೋಣ. ಅಪ್ಪ ಪಕ್ಕದಲ್ಲಿರಲಿ, ಇಬ್ಬರು ಸಾಕ್ಷಿಗಳಿರಲಿ.

ಮೂರನೆಯ ದಿನ ಮಧ್ಯಾಹ್ನದ ಪ್ರಾರ್ಥನೆ ಮುಗಿಸಿ ಅವರು ಇಸ್ತ್ರಿ ಮಾಡಿದ ನಿಲುವಂಗಿ, ಹಬ್ಬಕ್ಕೆ ಸುತ್ತುವ ಬಿಳಿ ರುಮಾಲಿನಲ್ಲಿ ಬಂದು ಆಲೆಮನೆಯ ಮುಂದಿನ ಜಗಲಿಯಲ್ಲಿ ಕುಳಿತರು. ಚಿಕ್ಕಪ್ಪ ಅವರ ಬಲಕ್ಕೆ. ಒಬ್ಬ ಸಾಕ್ಷಿ ಮಸೀದಿಯ ಇಮಾಮರು. ಇನ್ನೊಬ್ಬರು ಬಾರದ್ದರಿಂದ, ಗಡಿಗೆ ಹೇರಲು ಬಂದಿದ್ದ ಶಾಜಲಿಯನ್ನೇ ಕರೆದು ಕೂರಿಸಿದರು. ಯಾರದ್ದೋ ಮದುವೆ ಇರಬೇಕೆಂದು ಅವನು ಕೈಕಾಲು ತೊಳೆದು ಬಂದ. ಹಿಂದಿನ ಕೋಣೆಯ ಬಾಗಿಲಲ್ಲಿ ನಬವಿಯಾ ನಿಂತಿದ್ದಳು. ನಾನು ಕಾಫಿಯ ತಟ್ಟೆ ಹಿಡಿದು ಅವಳ ಪಕ್ಕದಲ್ಲಿದ್ದೆ.

ಮೊಬೈಲಿನಲ್ಲಿ ಕನ್ನಡಕದ ಯುವಕ ಕಾಣಿಸಿದ. ಹಾಜಿಯವರು ಗುರುತಿನ ಚೀಟಿಯನ್ನು ಮುಖದ ಪಕ್ಕಕ್ಕೆ ಹಿಡಿದರು.

‘ಮೊದಲ ಸಲ ನಾನು ಇಲ್ಲ ಅಂದೆ. ಸುಳ್ಳಲ್ಲಪ್ಪ ಅದು, ಪರದೆ. ಇವತ್ತು ಅವಳಪ್ಪ ಇಲ್ಲೇ ಕೂತಿದಾನೆ, ಅದಕ್ಕೇ ಹೇಳ್ತೀನಿ. ನಬವಿಯಾ. ಅಬ್ದುರ್ರಾಜಿಕನ ಮಗಳು, ಅವನು ಹಸನೈನ್ ಮಗ, ಹಸನೈನ್ ಮಹರಾನ್ ಮಗ. ಮೂರು ವರ್ಷ ನನ್ನಲ್ಲಿ ಕೆಲಸ ಮಾಡಿದಾಳೆ. ಈ ಮೂರು ವರ್ಷದಲ್ಲಿ ಒಂದು ಗಡಿಗೆಯೂ ದಾರಿ ತಪ್ಪಿಲ್ಲ.’

ಹುದ್ದೆ ಏನು ಎಂದು ಯುವಕ ಕೇಳಿದ. ‘ಒಳಗಿನವರು’ ಎಂಬ ಮಾತು ಹಾಜಿಯವರ ನಾಲಗೆಯ ತುದಿಗೆ ಬಂದಿರಬೇಕು. ನುಂಗಿಕೊಂಡು, ‘ಇಂಜಿನಿಯರ್’ ಅಂದರು. ಶಾಜಲಿ ಬಾಗಿಲ ಕಡೆ ನೋಡಿದ. ಆಮೇಲೆ ನೆಲ ನೋಡಿ ತನ್ನ ಮೀಸೆ ಮುಟ್ಟಿಕೊಂಡ.

ಅವಕಾಶವಿದ್ದರೆ ಮತ್ತೆ ಅವಳನ್ನು ಕೆಲಸಕ್ಕೆ ಇಟ್ಟುಕೊಳ್ಳುತ್ತೀರಾ ಎಂಬುದು ಕೊನೆಯ ಪ್ರಶ್ನೆ. ಅದನ್ನು ಎಲ್ಲರಿಗೂ ಕೇಳುತ್ತಾರಂತೆ, ಹಾಜಿಯವರಿಗೆ ಅದು ತಿಳಿಯದು.

‘ಬಿಡೋಕೇ ಮನಸ್ಸಿಲ್ಲಪ್ಪ ನಂಗೆ,’ ಅಂದರು. ‘ಆದ್ರೆ ನೀವು ಕೇಳ್ತಿರೋದು ಬಿಟ್ಟುಕೊಡ್ತೀರಾ ಅಂತ ತಾನೇ? ಕೊಟ್ಟೆ.’

ಇಮಾಮರು ಮದುವೆಯ ಮಾತು ಮುಗಿದಾಗಿನ ರೂಢಿಯಂತೆ ಫಾತಿಹಾ ಪ್ರಾರ್ಥನೆ ಶುರುಮಾಡಿದರು, ಎಲ್ಲರೂ ಅಂಗೈ ಬಿಚ್ಚಿದರು. ಅದು ಮುಗಿಯುವವರೆಗೂ ಯುವಕ ಕಾಯುತ್ತಿದ್ದ.

ಒಂಬತ್ತು ದಿನಗಳ ಮೇಲೆ ಕೆಲಸ ಖಾಯಂ ಆಯಿತೆಂದು ಪತ್ರ ಬಂತು. ವೀಸಾಕ್ಕೆ ಇನ್ನೆರಡು ತಿಂಗಳು ಹಿಡಿಯಿತು. ಅಷ್ಟರಲ್ಲಿ ನಬವಿಯಾ ಹಾಜಿಯವರ ಕಿರಿಯ ಸೊಸೆಗೆ ಪ್ರೋಗ್ರಾಂ ಕಲಿಸಿದಳು. ಆ ಸೊಸೆ ಯಾವ ಬಾಗಿಲಿನಿಂದ ಬರಬೇಕೆಂಬುದು ಇನ್ನೂ ತೀರ್ಮಾನವಾಗಿಲ್ಲ.

ಹೊರಡುವ ದಿನ ಹಾಜಿಯವರು ಒಂದು ಪುಟ್ಟ ಗಡಿಗೆ ಜೋನಿಬೆಲ್ಲ ತಂದರು. ಬಾಯಿಗೆ ಮೇಣ ಹಾಕಿ ಮುಚ್ಚಿತ್ತು. ಹೊಟ್ಟೆಯ ಮೇಲೆ ಇದ್ದಿಲಿನಲ್ಲಿ ಅವರದ್ದೇ ಕೈಬರಹ: ನಬವಿಯಾ ಅಬ್ದುರ್ರಾಜಿಕ್ ಹಸನೈನ್. ಹೆಸರಿಲ್ಲದ ಗಡಿಗೆ ಹೊರಡಬಾರದಲ್ಲ ಅಂದರು. ಫಾಯ್ಕಾ ಕೂಡಲೇ ತಮ್ಮ ಹಳೆಯ ಉಣ್ಣೆಯ ಶಾಲನ್ನು ಅದಕ್ಕೆ ಎರಡು ಸುತ್ತು ಸುತ್ತಿ ಹೆಸರು ಮುಚ್ಚಿದರು.

ಕೈರೋ ವಿಮಾನ ನಿಲ್ದಾಣದಲ್ಲಿ ತೂಕ ಹಾಕಿದಾಗ ಪೆಟ್ಟಿಗೆ ಅರ್ಧ ಕಿಲೋ ಹೆಚ್ಚಿತ್ತು. ಏನನ್ನಾದರೂ ತೆಗೆಯಿರಿ ಅಂದರು. ನಬವಿಯಾ ಗಡಿಗೆಗೆ ಸುತ್ತಿದ್ದ ಶಾಲು ಬಿಚ್ಚಿ ಹೊದ್ದುಕೊಂಡು, ಗಡಿಗೆಯನ್ನು ಬಟ್ಟೆಗಳ ನಡುವೆ ಇಟ್ಟು ಪೆಟ್ಟಿಗೆ ಮುಚ್ಚಿದಳಂತೆ.