ಗಾದಿ ಮಟಾ ರೇಸ್

ನಿನ್ನಿ ಸಾಲಿ ಬಿಟ್ಟು ಬರೂವಾಗ ಹತ್ತಿ ವಾಸನಿ ಬಂತು ನೋಡ್ರಿ, ಅಲ್ಲೇ ನಿಂತಬಿಟ್ಟೆ. ಬೈಲಹೊಂಗಲದಾಗ ಹತ್ತಿ ವಾಸನಿ ಬರೂದೇನ ದೊಡ್ಡ ಸುದ್ದಿ ಅಲ್ಲ. ಆದ್ರ ಇದು ದಸ್ತಗೀರ ಮಾಮಾನ ಗಾದಿ ಅಂಗಡಿಯಿಂದ ಬಂದಿತ್ತು. ಮಾಮಾ ತೀರಿಕೊಂಡ ಮ್ಯಾಲೆ ಮಾಮಿ ಮೊದಲನೇ ಸಲಾ ಬಾಗಲಾ ತಗದು ಕಸಾ ಹೊಡಿಯಾಕ ಹತ್ತಿದ್ಲು.

ನಿಮಗ ನನ್ನ ಪರಿಚಯ ಇಲ್ಲ, ಇರಲಿ, ತಪ್ಪು ನಿಮ್ಮದಲ್ಲ. ಐನೂರು ಮೀಟರ ಸ್ಕೇಟಿಂಗದಾಗ ನಮ್ಮ ಓಣಿ ರೆಕಾರ್ಡ ನಂದು. ಸಾವಿರದ್ದೂ ನಂದ. ನನ್ನ ಎದುರು ಓಡಾವು ಎರಡು ನಾಯಿ, ಒಂದು ಆಡು. ಆಡು ಪಾಪ ಚಲೋ ಓಡತಿತ್ತು, ನಡುವ ಕಾಯಿಪಲ್ಯಾದ ಗಾಡಿ ಬಂತಂದ್ರ ರೇಸ್ ಮರಿತಿತ್ತು.

ನನಗ ಎಲ್ಲಾ ಬರ್ತಿತ್ತು, ನಿಂದರೂದೊಂದ ಬರ್ತಿರಲಿಲ್ಲ. ಅಣ್ಣನ ಹಳೇ ಸ್ಕೇಟು, ಬ್ರೇಕಿನ ರಬ್ಬರ ಎಂದೋ ಉದುರಿತ್ತು. ಮೊದಲನೇ ದಿನಾ ಕಿರಾಣಿ ಅಂಗಡಿ ಒಳಗ ನುಗ್ಗಿ ಶೇಂಗಾ ಚೀಲದ ಮ್ಯಾಲೆ ನಿಂತೆ. ಬಾಜೂ ಗಾದಿ ಅಂಗಡಿಯಿಂದ ಮಾಮಾ ಎದ್ದ ಬಂದು ನೋಡಿ, "ಶೇಂಗಾ ಒಡಿಯೂ ಮಶೀನ್ ಬಂತಲ್ಲೋ ಊರಿಗೆ" ಅಂದ. ಮರುದಿನಾ ಮುಂಜಾನೆ ಹೊಸಾ ಗಾದಿ ತಲಿಮ್ಯಾಲೆ ಹೊತಗೊಂಡು ನೀರಿನ ಟಾಕಿ ಮಟಾ ಹೋಗಿ, ಅದನ್ನ ನೆಟ್ಟಗ ನಿಂದರಿಸಿ, ಹಿಂದ ತಾನು ಬೆನ್ನ ಕೊಟ್ಟು ನಿಂತ.

"ಬಾರಲೇ ಹೀರೋ. ಗಿರಾಕಿ ಬರೂದ್ರೊಳಗ ಬಂದ ಬಡಕೊ."

ಅಂಗಡಿಯಿಂದ ಟಾಕಿಗೆ ಐನೂರು ಮೀಟರ. ಅಳದಾವ ಮಾಮಾನ, ಗಾದಿ ಬಟ್ಟಿ ಅಳಿಯೂ ಕೋಲಿಲೆ, ಬಗ್ಗಿ ಬಗ್ಗಿ. ದಿನಾ ನಾ ಹೋಗಿ ಬಡಿಯೂದು, ಮಾಮಾ ಗಾದಿ ಜಾಡಿಸಿ ಮಾರೂದು. ಊರಾಗ ಎಷ್ಟೋ ಮದುವಿ ಗಾದಿಯೊಳಗ ನನ್ನ ಮೂಗಿನ ಗುರ್ತ ಐತಿ.

ಒಮ್ಮೆ ಫೋನಿನ್ಯಾಗ ಬರ್ಫದ ಮ್ಯಾಲಿನ ಸ್ಕೇಟಿಂಗ ರೇಸ್ ತೋರಿಸಿದೆ. ಜಗತ್ತಿನ ರೆಕಾರ್ಡ ಮುರಿಯಾವ್ರು ಒಂದ ಕೈ ಹಿಂದ ಸೊಂಟದ ಮ್ಯಾಲೆ ಇಟಗೊಂಡ ಓಡ್ತಾರ. ಮಾಮಾ ಬಾಳ ಹೊತ್ತು ನೋಡಿ, "ಅಷ್ಟ ಜೋರ್ ಓಡತಾನ, ಸೊಂಟಾ ಹಿಡದೈತಿ ಪಾಪ" ಅಂದ.

ಹೋದ ವರ್ಷ ಮಳಿ ನಿಂತ ಮ್ಯಾಲೆ ನನ್ನ ರೆಕಾರ್ಡ ವಾರಾವಾರಾ ಮುರಿಯಾಕ ಹತ್ತಿದ್ವು. ಗಾದಿ ಈಗ ಟಾಕಿ ಬಿಟ್ಟು ಈಚೆಕ ಹಿಟ್ಟಿನ ಗಿರಣಿ ಕಡೆ ನಿಲ್ಲತಿತ್ತು. ಆಮ್ಯಾಲೆ ಬೇವಿನ ಗಿಡದ ಕಡೆ.

"ಮಾಮಾ, ಇದು ಐನೂರು ಆಗತೈತಿ?"

"ತಿರಗಿ ಅಳದೇನಿ. ನೀ ಓಡು."

ನನಗೂ ಅದ ಬೇಕಾಗಿತ್ತು, ನಂಬಿದೆ. ಅದ ಉಬ್ಬಿನ್ಯಾಗ ಬೆಳಗಾವಿಗೆ ಹೋಗಿ ಖರೇ ರೇಸಿಗೆ ನಿಂತೆ. ಎಲ್ಲಾರೂ ಮುಟ್ಟಿ ನೀರ ಕುಡಿಯಾಕ ಹತ್ತಿದಾಗ ನಾ ಬಂದೆ, ಬಂದಾವ ನಿಂದರಲಾರದ ಬೇಲಿಗೆ ಹೋಗಿ ಬಡದೆ.

"ಮಾಮಾ, ಅಲ್ಲಿ ಐನೂರು ಬಾಳ ಉದ್ದ ಐತಿ" ಅಂದೆ ಬಂದು.

ಮಾಮಾ ನಕ್ಕ. ನಗು ಕೆಮ್ಮಾತು, ಕೆಮ್ಮು ನಿಂದರಲಿಲ್ಲ. ಮಾಮಿ ನನ್ನ ಹಿತ್ತಲಕ ಕರದು ಹೇಳಿದ್ಲು: "ಹತ್ತಿ ಧೂಳಿ ಎದಿಯೊಳಗ ಕುಂತೈತಿ ತಮ್ಮಾ ಅವರಿಗೆ. ಗಾದಿ ಹೊತ್ತು ಎಲ್ಲಿ ದಮ್ಮು ಹತ್ತತೈತಿ ಅಲ್ಲೇ ಇಳಸತಾರ. ನಿನಗ ಹೇಳಬ್ಯಾಡ ಅಂದಾರ."

ನಾ ಹೊರತೇನಿ ಅಂದೆ. ಮಾಮಾ ಕೇಳಲಿಲ್ಲ. "ನೀ ಗಾದಿ ಹೊತ್ರ ಓಡಾವ ಯಾರಲೇ?"

ಕಡೀಕ ಅಂಗಡಿ ಮೆಟ್ಟಲಾ ಗಾದಿ ಇಳೀಲಿಲ್ಲ. ಮಾಮಾನೂ ಇಳೀಲಿಲ್ಲ.

ನಿನ್ನಿ ಮಾಮಿ, "ಇದೊಂದ ಉಳದೈತಿ, ಅವರ ಕೈಲೆ ಮಾಡಿದ್ದು" ಅಂತ ಮೂಲ್ಯಾಗಿನ ಗಾದಿ ತೋರಿಸಿದ್ಲು. ಕೇಳಿ ತಲಿಮ್ಯಾಲೆ ಹೊತಗೊಂಡೆ. ಬೇವಿನ ಗಿಡದ ಕಡೆ ದಮ್ಮು ಹತ್ತಿತು, ಇಳಿಸಿದೆ. ಗಿರಣಿ ಕಡೆ ಮತ್ತ ಇಳಿಸಿದೆ. ಟಾಕಿ ಮುಟ್ಟಿ, ಗಾದಿ ಹೆಂಗೋ ನೆಟ್ಟಗ ನಿಂದರಿಸಿ, ವಾಪಸ್ ಬಂದು ಸ್ಕೇಟ್ ಕಟ್ಟಿ ಓಡಿದೆ. ನಾಯಿ ಬರಲಿಲ್ಲ, ಆಡೂ ಬರಲಿಲ್ಲ. ಹೋಗಿ ಬಡದೆ. ಗಾದಿ ಹಿಂದಕ ಬಿತ್ತು, ಅದರ ಮ್ಯಾಲೆ ನಾ.

ಇಷ್ಟು ವರ್ಷ ನನ್ನ ನಿಂದರಸತಿದ್ದದ್ದು ಗಾದಿ ಅಂತ ತಿಳಕೊಂಡಿದ್ದೆ ನೋಡ್ರಿ, ಹಿಂದಿನ ಬೆನ್ನಲ್ಲ. ಹತ್ತಿಯೊಳಗ ಮೂಗು ಇಟ್ಟು ಹಂಗ ಬಾಳ ಹೊತ್ತು ಬಿದ್ದಿದ್ದೆ. ಟೈಮ್ ಎಷ್ಟಾತೋ, ನೋಡಲಿಲ್ಲ.

ಇವತ್ತ ಮುಂಜಾನೆ ಸೈಕಲ್ ಅಂಗಡಿಗೆ ಹೋಗಿ ಸ್ಕೇಟಿಗೆ ಬ್ರೇಕಿನ ರಬ್ಬರ ಹಾಕಿಸಿಕೊಂಡ ಬಂದೆ.