ಕೀಲಿ ತಿರುಗಿಸುವುದಷ್ಟೇ ಬಾಕಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದು ನಿಪ್ಪಾಣಿಯ ನನ್ನ ಬಟ್ಟೆ ಅಂಗಡಿಗೆ ಬರುವ ಗಿರಾಕಿಗಳಿಗೂ ಗೊತ್ತು. ಆದರೆ ಅಂಕಲಿಯ ಉತ್ತಮ ದಾಜಿಯ ಮೇಲೆ ಬಂದಷ್ಟು ಸಿಟ್ಟು ಯಾರ ಮೇಲೂ ಬಂದಿಲ್ಲ. ಉತ್ತಮ ಎಂಬುದು ಹೆಸರು, ದಾಜಿ ಎಂದರೆ ನನ್ನ ಅಕ್ಕ ಚಂದ್ರಮತಿಯ ಗಂಡ. ಅಕ್ಕ ತೀರಿಕೊಂಡ ದಿನ ಅವರು ಅಳಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಎದ್ದು ನೋಡಿದರೆ ಹಿತ್ತಲಲ್ಲಿ ತುಕ್ಕು ಹಿಡಿದ ಪಿಕಪ್ಪಿನ ಬಾನೆಟ್ ಎತ್ತಿ ಬೋಲ್ಟುಗಳಿಗೆ ಸೀಮೆಎಣ್ಣೆ ಬಿಡುತ್ತಿದ್ದರು.

ಆ ಗಾಡಿಯನ್ನು ಬಿಟ್ಟು ದಾಜಿಯ ಕಥೆ ಹೇಳಲು ಬರುವುದಿಲ್ಲ. ಎಪ್ಪತ್ತಾರರ ಮಾಡೆಲ್. ಅವರ ಅಪ್ಪ ಸಾಂಗಲಿಯಲ್ಲಿ ಹಳೆಯದನ್ನೇ ಕೊಂಡು ತಂದದ್ದು. ಹದಿನೆಂಟನೆಯ ವಯಸ್ಸಿನಿಂದ ದಾಜಿ ಅದರಲ್ಲಿ ಬೆಲ್ಲದ ಪೆಂಟೆ ಹೇರಿಕೊಂಡು ಪೇಟೆಗೆ ಹೋಗುತ್ತಿದ್ದರು. ಅಕ್ಕ ಮದುವೆಯಾಗಿ ಅಂಕಲಿಗೆ ಬಂದದ್ದೂ ಅದರಲ್ಲೇ. ಹತ್ತುವಾಗ ಅವಳ ಬಾಸಿಂಗ ಬಾಗಿಲಿಗೆ ತಾಗಿ ಮುರಿಯಿತು, ಹಿಂದೆ ತಾಮ್ರದ ಹಂಡೆಗಳ ನಡುವೆ ಕೂತಿದ್ದ ನಾನು ಬಿದ್ದು ಬಿದ್ದು ನಕ್ಕೆ. ದಾಜಿ ಮನೆಗೆ ಬಂದವರಿಗೆ ನೀರು ಕೊಡುವ ಮೊದಲು ಗಾಡಿ ತೋರಿಸುವ ಮನುಷ್ಯ. ಮಾತಿಗೆ ನಿಂತರೆ ಸುಲಭಕ್ಕೆ ಬಿಡುತ್ತಿರಲಿಲ್ಲ.

ಎರಡು ಸಾವಿರದ ಹತ್ತೊಂಬತ್ತರ ಮಹಾಪೂರದಲ್ಲಿ ಕೃಷ್ಣೆ ಹಿತ್ತಲಿಗೆ ಬಂದು ಒಂಬತ್ತು ದಿನ ನಿಂತಳು. ಸ್ಟೇರಿಂಗ್ ಮುಳುಗುವವರೆಗೂ ನೀರು. ಇಳಿದ ಮೇಲೆ ಎಂಜಿನ್ ತುಂಬ ರಾಡಿ. ದಾಜಿ ಕಟ್ಟೆಯ ಮೇಲೆ ಕೂತು ಅದನ್ನೇ ನೋಡುತ್ತಿದ್ದರು. ಮಿರಜದ ಗುಜರಿಯವನೊಬ್ಬ ಬಂದ, ಅಕ್ಕ ಅವನನ್ನು ಬೈದು ಓಡಿಸಿದಳು. ಆ ವರ್ಷ ಚಾತುರ್ಮಾಸಕ್ಕೆ ಬಂದಿದ್ದ ಜೈನ ಮುನಿಗಳ ಮುಂದೆ ಕೈಮುಗಿದು ನೇಮ ಹಿಡಿದಳು. ಗಾಡಿ ಮತ್ತೆ ಚಾಲೂ ಆಗುವ ತನಕ ಬೆಲ್ಲವಿಲ್ಲ, ಸಕ್ಕರೆಯಿಲ್ಲ.

“ಇನ್ನ ನನ್ನ ಬಾಯಿ ಸಿಹಿ ಮಾಡೂದು ನಿಮ್ಮ ಕೈಯಾಗ ಐತಿ ನೋಡ್ರಿ,” ಎಂದು ದಾಜಿಗೆ ಹೇಳಿ ನಕ್ಕಳು.

“ಮುಂದಿನ ಸೀಜನ್‌ಗೆ ಎಬ್ಬಿಸೇ ಬಿಡ್ತೇನಿ,” ಎಂದರು ದಾಜಿ. ಕಬ್ಬಿನ ಸೀಜನ್ ನಾಲ್ಕು ಕಳೆದವು. ಮಗಳು ಮಯೂರಿಯ ಮದುವೆಯಲ್ಲಿ ಅಕ್ಕ ಎಂಟುನೂರು ಜನಕ್ಕೆ ನಿಂತು ಹೋಳಿಗೆ ಬಡಿಸಿದಳು, ತಾನು ಮಾತ್ರ ಅನ್ನ ಸಾರು ಉಂಡಳು. ಒಂದು ಮಧ್ಯಾಹ್ನ ಹಪ್ಪಳ ಒಣಗಿಸಲು ಮಾಳಿಗೆ ಹತ್ತಿದವಳು ಎದೆ ಹಿಡಿದುಕೊಂಡು ಕೂತಳು, ಮತ್ತೆ ಏಳಲಿಲ್ಲ. ನಾಲ್ಕು ವರ್ಷ ಬಾಯಿಗೆ ಸಿಹಿ ಇಲ್ಲದೆ ನನ್ನ ಅಕ್ಕ ಹೋದಳು.

ಅದಕ್ಕೇ ಆ ಮೂರನೆಯ ದಿನ ಹಿತ್ತಲಲ್ಲಿ ನಿಂತು ಕೂಗಾಡಿದೆ. “ಅಕಿ ಇದ್ದಾಗ ಮುಟ್ಟಲಿಲ್ಲ, ಈಗ ಮುಟ್ಟಾಕತ್ತೀರಿ! ಇರ್ಲಿ. ವರ್ಷ ತುಂಬೂದ್ರಾಗ ಗಾಡಿ ಚಾಲೂ ಮಾಡ್ರಿ ದಾಜಿ. ಅಕ್ಕನ ನೇಮಾ ಬಿಡಸ್ರಿ.”

“ಹೂಂ,” ಎಂದರು. ಅಷ್ಟೇ.

ಅಂದಿನಿಂದ ಪ್ರತಿ ಭಾನುವಾರ ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿ ಅಂಕಲಿಗೆ ಹೋದೆ. ದಾಜಿ ಒಂದೇ ಸಮ ಪಾಲಿಶ್ ಪೇಪರ್ ಉಜ್ಜುತ್ತಿದ್ದರು. ಕೆಂಪು ಪುಡಿ ಹುಬ್ಬಿನ ಮೇಲೆ ಕೂತರೂ ಒರೆಸಿಕೊಳ್ಳುತ್ತಿರಲಿಲ್ಲ. ಕೊಳೆತ ತಳವನ್ನು ಕತ್ತರಿಸಿ ಹೊಸ ತಗಡು ಬೆಸೆದರು. ಒಮ್ಮೆ ಬೆಸುಗೆಯ ಕಿಡಿ ಮುಂಗೈ ಮೇಲೆ ಬಿದ್ದು ಚರ್ಮ ಸುಟ್ಟ ವಾಸನೆ ನನಗೆ ಬಂತು, ಅವರಿಗೆ ಬರಲಿಲ್ಲ. ನಾನು ಕೈ ಹಿಡಿದು ತೋರಿಸಿದಾಗ ಬೇರೆ ಯಾರದೋ ಕೈ ನೋಡುವಂತೆ ನೋಡಿದರು. ಊಟ ಇಟ್ಟರೆ ಉಣ್ಣುವರು, ಇಡದಿದ್ದರೆ ಕೇಳುವವರಲ್ಲ. ಚಹಾ ತಾವೇ ಮಾಡಿ ಕೊಡುತ್ತಿದ್ದರು, ಸಪ್ಪಗಿರುತ್ತಿತ್ತು. ಸಕ್ಕರೆ ಮರೆತಿದ್ದಾರೆ ಎಂದುಕೊಂಡು ನಾನೂ ಸುಮ್ಮನೆ ಕುಡಿಯುತ್ತಿದ್ದೆ.

ವರ್ಷ ತುಂಬಲು ವಾರವಿದೆ ಎನ್ನುವಾಗ ಚಿಕ್ಕೋಡಿಯ ಮೆಕ್ಯಾನಿಕ್ ಮಾಳೇಶ ನನ್ನ ಅಂಗಡಿಗೆ ಶರ್ಟಿನ ಬಟ್ಟೆ ಕೊಳ್ಳಲು ಬಂದ. ಎಂಜಿನ್ ಕೆಲಸವನ್ನೆಲ್ಲ ಅವನೇ ಮಾಡಿದ್ದ. ಇನ್ನೂ ಎಷ್ಟು ದಿನವಪ್ಪಾ ಎಂದು ಕೇಳಿದೆ.

“ಎಲ್ಲಾ ಮುಗದು ಮೂರು ತಿಂಗಳಾತ್ರಿ. ಬ್ಯಾಟರಿ ಹೊಸಾದು ಹಾಕೇನಿ. ಕೀಲಿ ತಿರುವೂದಷ್ಟ ಬಾಕಿ. ನಾ ತಿರುವಾಕ ಹೋದ್ರ ಉತ್ತಮಣ್ಣಾರು ಬ್ಯಾಡ ಅಂದ್ರು.”

ನನ್ನ ತಲೆ ಕೆಟ್ಟುಹೋಯಿತು. ಆ ಮೂರು ತಿಂಗಳೂ ದಾಜಿ ನನಗೆ ಒಂದಲ್ಲ ಒಂದು ನೆವ ಹೇಳಿದ್ದರು. ಒಮ್ಮೆ ಬಣ್ಣ ಒಣಗಿಲ್ಲ, ಒಮ್ಮೆ ಬಾಗಿಲು ಸರಿಯಾಗಿ ಕೂರುತ್ತಿಲ್ಲ. ಅಂಗಡಿ ಮುಚ್ಚಿ, ಕಾಗದದಲ್ಲಿ ಒಂದು ಉಂಡೆ ಬೆಲ್ಲ ಕಟ್ಟಿಕೊಂಡು ಅಂದೇ ಬಸ್ಸು ಹತ್ತಿದೆ. ಗಾಡಿ ಚಾಲೂ ಆದ ಕ್ಷಣವೇ ಅಕ್ಕನ ಫೋಟೋದ ಮುಂದೆ ಬೆಲ್ಲ ಇಡುವುದು ಎಂದು ತೀರ್ಮಾನಿಸಿದ್ದೆ.

ಗಾಡಿ ಹಸಿರು ಬಣ್ಣದಲ್ಲಿ ಫಳಫಳ ಹೊಳೆಯುತ್ತಿತ್ತು. “ಕೀಲಿ ಕೊಡ್ರಿ,” ಎಂದೆ. ದಾಜಿ ಜೇಬಿನಿಂದ ತೆಗೆದು ಕೊಟ್ಟರು. ಹತ್ತಿ ಕೂತು ಕೀಲಿ ಹಾಕಿದೆ.

“ಸಮ್ಮೇದ,” ಎಂದರು ಕಿಟಕಿಯ ಹತ್ತಿರ ಬಂದು. ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. “ಅಕಿ ನೇಮಾ ನಾ ನಡಸಾಕತ್ತೇನಿ. ಅಕಿ ಹೋದ ದಿನದಿಂದ ಸಿಹಿ ಮುಟ್ಟಿಲ್ಲ. ಸೀರಿ ಮಯೂರಿ ಒಯ್ದಳು, ಕನ್ನಡಕ ದಾನಾ ಕೊಟ್ವಿ. ಈ ಮನ್ಯಾಗ ಅಕೀದು ಅಂತ ಇನ್ನೂ ನಡದಿದ್ದು ಇದೊಂದ. ನೀ ಕೀಲಿ ತಿರುವಿದ್ರ ಅದೂ ಮುಗೀತೈತಿ. ತಿರುವಪಾ. ನೀ ಅಕಿ ತಮ್ಮ, ನಿನಗ ಹಕ್ಕೈತಿ.”

ವರ್ಷವಿಡೀ ಕುಡಿದ ಸಪ್ಪನೆಯ ಚಹಾ ಆಗ ಅರ್ಥವಾಯಿತು. ಅಳದ ಮನುಷ್ಯನನ್ನು ಇಷ್ಟು ದಿನ ಬೈದೆನಲ್ಲ ಎಂದು ನನಗೇ ನಾಚಿಕೆಯಾಯಿತು.

ಕೀಲಿ ತೆಗೆದುಕೊಂಡು ಕೆಳಗಿಳಿದೆ. ಬಾಸಿಂಗ ತಾಗಿದ ಆ ಬಾಗಿಲನ್ನು ಎರಡು ಸಲ ತೆರೆದು ಮುಚ್ಚಿದೆ. ಚೂರೂ ಸಪ್ಪಳವಿಲ್ಲ.

“ಬಾಗಲಾ ಇನ್ನೂ ಸರಿಯಾಗಿ ಕುಂದರವಲ್ದು ದಾಜಿ,” ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. “ಹೌದಲ್ಲ?” ಎಂದರು. ಅವರ ಕಣ್ಣಲ್ಲಿ ನೀರು ನೋಡಿದ್ದು ಅದೇ ಮೊದಲು.

ಇಬ್ಬರೂ ಕಟ್ಟೆಯ ಮೇಲೆ ಕೂತು ಸಕ್ಕರೆಯಿಲ್ಲದ ಚಹಾ ಕುಡಿದೆವು. ಬೆಲ್ಲದ ಉಂಡೆ ನನ್ನ ಜೇಬಿನಲ್ಲೇ ನಿಪ್ಪಾಣಿಗೆ ವಾಪಸ್ಸು ಬಂತು.